ಮೊದಲ ಬಸ್ಸಿನ ಕವರ್

ನಮ್ಮ ಕಾಲದಲ್ಲಿ ಸುದ್ದಿ ಬಸ್ಸಿನಲ್ಲಿ ಹೋಗುತ್ತಿತ್ತು. ಇದನ್ನು ಹೇಳಿದರೆ ಈಗ ವರದಿಗಾರಿಕೆಗೆ ಬರುತ್ತಿರುವ ಮಕ್ಕಳು ಮರ್ಯಾದೆಗೆ ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಆದರೆ ಸಂಗತಿ ಅಷ್ಟೇ. ಕೊಳ್ಳೇಗಾಲದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ಬರೆಯುವುದು, ಕವರಿಗೆ ಹಾಕಿ ಅನ್ನದ ಅಗುಳಿನಿಂದ ಅಂಟಿಸುವುದು, ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಅವನು ಅದನ್ನು ಡ್ರೈವರ್ ಹಿಂದಿನ ಕಂಬಿಗೆ ಸಿಕ್ಕಿಸುತ್ತಿದ್ದ. ಮೈಸೂರಿನಲ್ಲಿ ಕಚೇರಿಯವರು ಬಂದು ಇಳಿಸಿಕೊಳ್ಳಬೇಕು. ಕೆಲವು ಸಲ ಯಾರೂ ಬರದೆ ಕವರ್ ಅದೇ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ವಾಪಸು ಬರುತ್ತಿತ್ತು. ಆಗ ನಾವು ಅದನ್ನು ಬಿಚ್ಚಿ, ಇನ್ನೊಮ್ಮೆ ಓದಿ, ತಿದ್ದಿ ಕಳಿಸುತ್ತಿದ್ದೆವು. ನನ್ನ ಬರವಣಿಗೆ ಸುಧಾರಿಸಿದ್ದಕ್ಕೆ ಆ ಬಸ್ಸುಗಳೂ ಒಂದು ಕಾರಣ.

ನಾನು ಮೈಸೂರಿನ ಒಂದು ಸಣ್ಣ ದಿನಪತ್ರಿಕೆಗೆ ಕೊಳ್ಳೇಗಾಲದ ವರದಿಗಾರನಾಗಿದ್ದೆ. ಯಳಂದೂರೂ ನನ್ನದೇ. ಹನೂರು ಆಗ ನಮ್ಮ ತಾಲ್ಲೂಕಿನೊಳಗೇ ಇತ್ತು; ಮುಂದೆ ಅದು ಬೇರೆ ತಾಲ್ಲೂಕಾಯಿತು, ಆದರೆ ನಮ್ಮ ಕಚೇರಿಗೆ ಆ ಸುದ್ದಿ ತಲುಪಿದಂತೆ ಕಾಣಲಿಲ್ಲ, ಅದೂ ನನ್ನ ಪಾಲಿಗೇ ಉಳಿಯಿತು. ಯಳಂದೂರಿನ ಗದ್ದೆಬಯಲಿನಿಂದ ಪಾಲಾರ್ ಗಡಿಯವರೆಗೆ ಏನಾದರೂ ಆದರೆ ನಾನು ಹೋಗಬೇಕು. ಏನೂ ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದರು.

ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ. ವರದಿಗಾರನಾಗಿ ಸೇರಿದೆ, ವರದಿಗಾರನಾಗಿ ಬಿಟ್ಟೆ.

ಎಲ್ಲ ಪತ್ರಿಕೆಯವರೂ ಅದೇ ಹೋಟೆಲಿನ ಒಂದೇ ಮೇಜಿಗೆ ಕೂರುತ್ತಿದ್ದೆವು. ಎಲ್ಲರೂ ಎಲ್ಲ ಕಡೆಗೂ ಹೋಗುವುದು ಆಗದ ಮಾತು. ಒಬ್ಬ ಹೋಗಿಬರುವುದು, ಅವನು ಹೇಳಿದ್ದನ್ನು ಉಳಿದವರು ಬರೆದುಕೊಳ್ಳುವುದು. ಇದನ್ನು ಯಾರೂ ಕಳ್ಳತನ ಎನ್ನುತ್ತಿರಲಿಲ್ಲ, ಯಾಕೆಂದರೆ ಇದಕ್ಕೊಂದು ಕಟ್ಟುಪಾಡಿತ್ತು. ಅದನ್ನು ಮಾಡಿದವರು ಗುರುಸಿದ್ದಣ್ಣ. ಬೇರೊಂದು ಪತ್ರಿಕೆಯವರು, ಮೇಜಿನಲ್ಲಿ ಎಲ್ಲರಿಗಿಂತ ಹಿರಿಯರು. ಹೋಗಿಬಂದವನ ಕವರ್ ಮೊದಲ ಬಸ್ಸಿಗೆ, ಕೇಳಿ ಬರೆದವರ ಕವರ್ ಅದರ ಹಿಂದಿನ ಬಸ್ಸಿಗೆ. ಇಷ್ಟೇ ಕಟ್ಟುಪಾಡು. ಮೊದಲ ಬಸ್ಸಿನದು ತಲುಪುವಾಗ ಮೊದಲ ಪುಟದಲ್ಲಿ ಜಾಗವಿರುತ್ತಿತ್ತು, ಎರಡನೆಯದಕ್ಕೆ ಒಳಪುಟ. ಆ ಒಂದು ಪುಟದ ವ್ಯತ್ಯಾಸಕ್ಕಾಗಿ ನಾವು ಉರಿಬಿಸಿಲಿನಲ್ಲಿ ಮಾದಪ್ಪನ ಬೆಟ್ಟದ ಸುತ್ತಿನ ಕಾಡಿನೊಳಗಿನ ಹಾಡಿಗಳಿಗೆ ನಡೆದು ಹೋಗಿದ್ದೇವೆ.

ನನಗೆ ಇದು ಹೊಸದೆನಿಸಲಿಲ್ಲ. ನಾನು ಮಾತು ಕಲಿತದ್ದು ಅಜ್ಜೀಪುರದ ನಮ್ಮ ಅಜ್ಜಿಯ ಹತ್ತಿರ. ಯಾರಾದರೂ ಸಾವಿನ ಸುದ್ದಿ ತಂದರೆ ಅಜ್ಜಿ ಮೊದಲು ಕೇಳುತ್ತಿದ್ದುದು ಸತ್ತವರು ಯಾರು ಎಂದಲ್ಲ, 'ಕಂಡೋರ್ ಯಾರು?' ಎಂದು. ಕಂಡವರ ಹೆಸರು ಬಂದ ಮೇಲೇ ಒಲೆ ಆರಿಸುವುದು, ತಲೆಗೆ ನೀರು ಹಾಕಿಕೊಳ್ಳುವುದು ಎಲ್ಲ. ಒಮ್ಮೆ ಒಬ್ಬ ಬಂದು ಯಳಂದೂರಿನ ನಮ್ಮ ದೊಡ್ಡಮಾವ ಹೋಗಿಬಿಟ್ಟರು ಎಂದ. ಕಂಡವರು ಯಾರು ಎಂದರೆ ಬಸ್ಸಿನಲ್ಲಿ ಯಾರೋ ಅಂದುಕೊಳ್ಳುತ್ತಿದ್ದರಂತೆ. ಅಜ್ಜಿ ಅವನಿಗೆ ಮಜ್ಜಿಗೆ ಕೊಟ್ಟು, ಮುದ್ದೆ ತೊಳಸಲು ಕೂತರು. ಆ ವಾರದ ಸಂತೆಗೆ ದೊಡ್ಡಮಾವ ಬಂದಿದ್ದ, ಮೇಕೆ ಕೊಳ್ಳಲು. ಅಜ್ಜಿ ಅವನಿಗೂ ಮಜ್ಜಿಗೆ ಕೊಟ್ಟರು. ಸುದ್ದಿಯ ಮಾತೇ ಎತ್ತಲಿಲ್ಲ.

ಕಟ್ಟುಪಾಡು ಮುರಿಯಲು ನೋಡಿದವರೂ ಇದ್ದರು. ಯಳಂದೂರಿನ ಕಡೆಯ ಒಬ್ಬ ಮಿತ್ರ ಒಂದು ಮಳೆಗಾಲದಲ್ಲಿ ಪಾಲಾರಿನ ಹತ್ತಿರ ರಸ್ತೆಗೆ ಮರ ಬಿದ್ದು ತಮಿಳುನಾಡಿನ ಬಸ್ಸುಗಳು ನಿಂತಿವೆ ಎಂದು ಬರೆದು, ಕವರ್ ಅಂಟಿಸಿಕೊಂಡು ಮೊದಲ ಬಸ್ಸಿಗೆ ಹೊರಟ. ಹೋಗಿಬಂದೆಯಾ ಎಂದರೆ ಹೋಗಿಬಂದೆ ಎಂದ. ಗುರುಸಿದ್ದಣ್ಣ ಅವನ ಮುಖ ನೋಡಲಿಲ್ಲ, ಮೇಜಿನ ಕೆಳಗೆ ಬಗ್ಗಿ ಕಾಲು ನೋಡಿದರು.

"ಲೇ, ಮಳೇಲಿ ಪಾಲಾರ್‌ಗೋದೋನು ಚಪ್ಲಿ ಕೈಲಿಡ್ಕಂಡ್ ಓಗಿದ್ಯೇನ್ಲಾ?"

ಚಪ್ಪಲಿ ಹೋಟೆಲಿನ ನೆಲಕ್ಕಿಂತ ಶುದ್ಧವಾಗಿತ್ತು. ಮರ ಬಿದ್ದದ್ದೇನೋ ನಿಜ; ಆ ದಾರಿಯಲ್ಲಿ ಬಂದ ಲಾರಿಯವನೊಬ್ಬ ಅವನಿಗೆ ಹೇಳಿದ್ದ. ಆದರೂ ಆ ಮಳೆಗಾಲ ಮುಗಿಯುವವರೆಗೆ ಅವನು ನಿಜವಾಗಿ ಹೋಗಿಬಂದರೂ ಅವನ ಕವರ್ ಕೊನೆಯ ಬಸ್ಸಿಗೆ. ಅವನು ಜಗಳ ಆಡಲಿಲ್ಲ. ಕೆಸರಿನ ಚಪ್ಪಲಿಯನ್ನು ಮಾತ್ರ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡತೊಡಗಿದ. ಹೋಟೆಲಿನವರು ಬೇಡ ಎಂದ ಮೇಲೆ ನಿಲ್ಲಿಸಿದ.

ಆಮೇಲೆ ಫ್ಯಾಕ್ಸ್ ಬಂತು. ಒಂದು ಎಸ್‌ಟಿಡಿ ಅಂಗಡಿಯಲ್ಲಿ ಕಾಗದ ತೂರಿಸಿದರೆ ಮೈಸೂರಿನಲ್ಲಿ ಹೊರಬರುತ್ತಿತ್ತು. ನಾವೆಲ್ಲ ಸಾಲಾಗಿ ನಿಂತು ಬೆರಗಿನಿಂದ ನೋಡಿದೆವು. ಗುರುಸಿದ್ದಣ್ಣ ಮಾತ್ರ, "ಇನ್ಮೇಲೆ ಓಗ್ಬಂದೋನ್ಗೂ ಕುಂತಿದ್ದೋನ್ಗೂ ಒಂದೇ ಬಸ್ಸು" ಎಂದು ಹೇಳಿ ಟೀ ಕುಡಿಯಲು ಹೋದರು. ಮುಂದೆ ಕಂಪ್ಯೂಟರ್ ಬಂತು, ಫೋನ್ ಬಂತು. ಮೇಜಿನವರು ಒಬ್ಬೊಬ್ಬರಾಗಿ ಮನೆಯಲ್ಲೇ ಕೂತು ಬರೆಯತೊಡಗಿದರು.

ನಮ್ಮ ಪತ್ರಿಕೆಗೂ ಒಂದು ವೆಬ್‌ಸೈಟ್ ಆಯಿತು. ನಮ್ಮ ಸಂಪಾದಕರೇ ಮಾಲೀಕರು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದೆವು. ಅವರು ವೆಬ್‌ಸೈಟಿಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಬೆಳಗಿನ ಪತ್ರಿಕೆಯಲ್ಲಿರುವುದನ್ನು ಮಧ್ಯಾಹ್ನ ಊಟವಾದ ಮೇಲೆಯೇ ಅದಕ್ಕೆ ಹಾಕಬೇಕು. ಬೆಳಿಗ್ಗೆಯೇ ಹಾಕೋಣ ಸಾರ್ ಎಂದು ಯಾರಾದರೂ ಅಂದರೆ, "ಹಾಲನ್ನ ಬೀದೀಲಿ ಪುಕ್ಕಟೆ ಹಂಚಿಬಿಟ್ರೆ ಡೈರಿಗೆ ಏನ್ರೀ ಹಾಕೋದು?" ಎನ್ನುತ್ತಿದ್ದರು. ಈ ಲೆಕ್ಕ ನಮಗೆಲ್ಲ ಅರ್ಥವಾಗುತ್ತಿತ್ತು. ಎಲ್ಲರ ಮನೆಯಲ್ಲೂ ಹಸು ಇತ್ತು.

ಈ ಷರತ್ತಿನಿಂದ ಏನಾಗಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ. ಬೆಳಗಿನ ಪತ್ರಿಕೆಯ ಪುಟಗಳನ್ನು ಯಾರೋ ಫೋಟೊ ಹಿಡಿದು ವಾಟ್ಸ್ಆ್ಯಪ್ಪಿಗೆ ಬಿಡುತ್ತಿದ್ದರು. ಅದನ್ನು ನೋಡಿಕೊಂಡು ಒಂದು ಬ್ಲಾಗಿನವರು ತಮ್ಮದೆಂಬಂತೆ ಬರೆದು ಹಾಕುತ್ತಿದ್ದರು. ನಾನು ಹನೂರಿನ ಆಚೆಗೆ ಎರಡು ಬಸ್ಸು ಬದಲಿಸಿ ಹೋಗಿ ತಂದ ಸುದ್ದಿ, ನನ್ನ ಬೆಳಗಿನ ಕಾಫಿ ಆರುವ ಮೊದಲು ಅವರದಾಗಿರುತ್ತಿತ್ತು. ಬ್ಲಾಗಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇನ್ನಷ್ಟು ಜನ ಹೋಗಿ ನೋಡುತ್ತಾರೆ, ಅದೂ ಅವರ ಲೆಕ್ಕಕ್ಕೇ ಸೇರುತ್ತದೆ. ಅವರು ಶೀರ್ಷಿಕೆ ಬದಲಿಸುತ್ತಿದ್ದರು, ಮೊದಲ ಸಾಲು ತಿರುಚುತ್ತಿದ್ದರು, ಅಲ್ಲಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಿದ್ದರು. ನಡುವಿನದು ಹಾಗೇ ಇರುತ್ತಿತ್ತು. ನಡುವಿನದನ್ನು ಅವರು ಓದುತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

ಇದರ ಮೇಲೆ ಸುದ್ದಿಯ ಆ್ಯಪ್. ತಿಳಿಯದವರಿಗೆ ಹೇಳುತ್ತೇನೆ: ಆ ಆ್ಯಪ್ ತಾನು ಒಂದಕ್ಷರ ಬರೆಯುವುದಿಲ್ಲ. ಬೆಲ್ಲದ ಮಂಡಿಯಿದ್ದ ಹಾಗೆ, ಎಲ್ಲರದನ್ನೂ ತಂದು ಗುಡ್ಡೆ ಹಾಕಿ, ಒಂದು ಸುದ್ದಿಗೆ ಒಬ್ಬರನ್ನು ಮೂಲವೆಂದು ಮೇಲಿಡುತ್ತದೆ. ಉಳಿದವರದನ್ನು 'ಇದನ್ನೂ ಓದಿ' ಎಂದು ಕೆಳಗೆ ಸಣ್ಣದಾಗಿ ತೋರಿಸುತ್ತದೆ. ಯಾರು ಮೂಲ ಎಂದು ಅದು ತಿಳಿಯುವುದು ಗಡಿಯಾರ ನೋಡಿ. ಯಾರು ಮೊದಲು ಹಾಕಿದರೋ ಅವರು ಮೂಲ. ಬ್ಲಾಗಿನವರು ಬೆಳಿಗ್ಗೆ ಹಾಕುತ್ತಿದ್ದರು, ನಾವು ಊಟ ಮಾಡಿ ಹಾಕುತ್ತಿದ್ದೆವು. ಆ್ಯಪಿನ ಪ್ರಕಾರ, ನಾನು ನನ್ನ ಕೊನೆಯ ವರ್ಷಗಳನ್ನು ಆ ಬ್ಲಾಗನ್ನು ನಕಲು ಮಾಡುತ್ತಾ ಕಳೆದೆ.

ಅಲ್ಲಿಯವರೆಗೆ ಇದು ನನ್ನೊಬ್ಬನ ಹೊಟ್ಟೆಯುರಿಯಾಗಿತ್ತು. ಸರೋಜಮ್ಮನ ವಿಷಯದಲ್ಲಿ ಹಾಗಿರಲಿಲ್ಲ.

ಸರೋಜಮ್ಮ ಕೊಳ್ಳೇಗಾಲದ ನೇಕಾರರ ಬೀದಿಯವರು, ರೇಷ್ಮೆ ಸೀರೆ ನೇಯುವವರು. ಗಂಡ ಹೆಂಡತಿ ಇಬ್ಬರೂ ಮಗ್ಗಕ್ಕೆ ಕೂರುತ್ತಾರೆ; ಸಾಹುಕಾರರು ನೂಲು ಕೊಡುತ್ತಾರೆ, ಇವರು ಸೀರೆ ಮಾಡಿ ಒಪ್ಪಿಸುತ್ತಾರೆ. ಪೇಟೆಯ ಒಂದು ಅಂಗಡಿಯಲ್ಲಿ ಹೊರಗಿನ ಯಂತ್ರದ ಸೀರೆಗೆ 'ಕೊಳ್ಳೇಗಾಲದ ಕೈಮಗ್ಗ' ಎಂಬ ಚೀಟಿ ಅಂಟಿಸಿ ಮಾರುತ್ತಿದ್ದಾರೆಂದು ಬೀದಿಯವರಿಗೆಲ್ಲ ಗೊತ್ತಿತ್ತು. ಹೆಸರು ಕೊಟ್ಟು ಮಾತಾಡಲು ಯಾರೂ ಮುಂದೆ ಬರಲಿಲ್ಲ. ಸರೋಜಮ್ಮ ಬಂದರು. ನನ್ನ ಜೊತೆ ಆ ಅಂಗಡಿಗೇ ಬಂದು, ಸೀರೆಯ ಸೆರಗು ಎತ್ತಿ ನೋಡಿ, ಅಂಗಡಿಯವನ ಎದುರೇ ಹೇಳಿದರು:

"ಇದು ನಮ್ ಬೀದೀದಲ್ಲ ಸಾ. ನಮ್ಮೆಸ್ರಾಕಂಡು ಮಾರ್ತಾವ್ರೆ. ನನ್ನೆಸ್ರಾಕೇ ಬರ್ಕಳಿ."

ಬರೆದೆ. ಮರುದಿನ ಪತ್ರಿಕೆಯಲ್ಲಿ ಬಂತು, ಅವರ ಹೆಸರೂ ಬಂತು. ಬ್ಲಾಗಿನಲ್ಲೂ ಬಂತು. ಅವರ ಶೀರ್ಷಿಕೆ ಹೀಗಿತ್ತು: 'ಕೊಳ್ಳೇಗಾಲದ ರೇಷ್ಮೆ ನಕಲಿ! ನೇಕಾರ ಮಹಿಳೆಯೇ ಒಪ್ಪಿಕೊಂಡರು!!' ಮೊದಲ ಸಾಲಿನಲ್ಲಿ ಸರೋಜಮ್ಮನ ಹೆಸರು. ನಡುವೆ ನಾನು ಬರೆದದ್ದೆಲ್ಲ ಸರಿಯಾಗಿಯೇ ಇತ್ತು, ಆದರೆ ಅಷ್ಟು ದೂರ ಯಾರು ಹೋಗುತ್ತಾರೆ? ಆ್ಯಪಿನಲ್ಲಿ ಮೇಲಿದ್ದುದು ಅದು. ನಮ್ಮದು ಅದರ ಕೆಳಗೆ, ಇದನ್ನೂ ಓದಿ.

ಕೆಲವು ದಿನ ಬಿಟ್ಟು ಸರೋಜಮ್ಮನ ಮನೆಗೆ ಹೋದೆ. ಮಗ್ಗ ನಿಂತಿತ್ತು. ಕೂರಲು ಚಾಪೆ ಹಾಕಿದರು, ಟೀ ಕೊಟ್ಟರು, ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

"ಸಾವ್ಕಾರ್ರು ಸದ್ಯಕ್ಕೆ ನೂಲಿಲ್ಲ, ಬರ್ಬೇಡ ಅಂದವ್ರೆ ಸಾ. ಅದೋಗ್ಲಿ. ನಲ್ಲಿ ತಾವು ನಾನು ಬಿಂದ್ಗೆ ಮಡುಗುದ್ರೆ ಪಕ್ಕದೋರು ಅವ್ರ ಬಿಂದ್ಗೆ ಎತ್ಕಂಡೋಯ್ತಾರೆ. ಬೀದಿ ಮಾನ ತೆಗ್ದವ್ಳು ಅಂತಾರೆ."

ನಾನು ಪತ್ರಿಕೆಯ ತುಣುಕು ಹಿಡಿದುಕೊಂಡು ಎದುರುಮನೆಯ ನಾಗಣ್ಣನ ಬಳಿ ಹೋದೆ. ಬೀದಿಯಲ್ಲಿ ಅವನ ಮಾತು ನಡೆಯುತ್ತಿತ್ತು. ಅವನು ತುಣುಕನ್ನು ಪೂರ್ತಿ ಓದಿದ. ಅದರ ಹಿಂಬದಿಯಲ್ಲಿದ್ದ ಜಾಹೀರಾತನ್ನೂ ಓದಿದ. ಆಮೇಲೆ ತನ್ನ ಫೋನ್ ತೆಗೆದು ತೋರಿಸಿದ.

"ನೀವು ಸರ್ಯಾಗೇ ಬರ್ದಿದ್ದೀರಿ ಸಾ, ಇಲ್ಲ ಅನ್ನಾಕಿಲ್ಲ. ಆದ್ರೆ ಮೊದ್ಲು ಬಂದಿರದು ಇದು. ಇಲ್ಲೇ ಮ್ಯಾಲಿದೆ ನೋಡಿ. ನೀವು ಆಮೇಲೆ ವಸಿ ಸರಿಮಾಡಿ ಬರ್ದಿದ್ದೀರಿ. ಆಯಮ್ಮ ಅಳ್ತಾಳೆ ಅಂತ ಪಾಪ ಅನ್ಸಿರ್ಬೇಕು."

ಊರೂರು ಅಲೆದ ವರದಿಗಾರನಿಗೆ ಓದುಗರಿಂದ ಸಿಕ್ಕ ಮೆಚ್ಚುಗೆಗಳಲ್ಲಿ ಇದೂ ಒಂದು.

ಬ್ಲಾಗಿಗೆ ಬರೆದೆ. ಕೈಮುಗಿದ ಚಿತ್ರ ಹಾಕಿ 'ಧನ್ಯವಾದಗಳು, ಹೀಗೇ ಓದುತ್ತಿರಿ' ಎಂದರು. ಆ್ಯಪಿನವರಿಗೆ ಬರೆದೆ. ಉತ್ತರ ಬಹಳ ಸೌಜನ್ಯದಿಂದ ಬಂತು. ನಿಮ್ಮ ಪುಟ ಪ್ರಕಟವಾದದ್ದು ಮಧ್ಯಾಹ್ನ, ಮೂಲ ಪ್ರಕಟವಾದದ್ದು ಬೆಳಿಗ್ಗೆ. ನಿಮ್ಮದು ನಂತರದ ವರದಿಯಾದ್ದರಿಂದ ಇನ್ನು ಮುಂದೆ ಮೂಲ ಬರಹಗಾರರನ್ನು ನಿಮ್ಮ ಲೇಖನದಲ್ಲಿ ಉಲ್ಲೇಖಿಸುವುದು ಒಳ್ಳೆಯ ಅಭ್ಯಾಸ ಎಂದಿತ್ತು. ಇದು ಮನುಷ್ಯರು ಬರೆದದ್ದೋ ಯಂತ್ರವೋ ಈಗಲೂ ಗೊತ್ತಿಲ್ಲ. ಯಾರೇ ಬರೆದಿರಲಿ, ಕನ್ನಡ ಚೆನ್ನಾಗಿತ್ತು.

ಅದನ್ನು ತೆಗೆದುಕೊಂಡು ಮೈಸೂರಿಗೆ ಹೋಗಿ ಯಜಮಾನರ ಮೇಜಿನ ಮೇಲಿಟ್ಟೆ. ನಾನು ವರ್ಷಗಟ್ಟಲೆ ಹೇಳಿದ್ದು ಮಾಡದ ಕೆಲಸವನ್ನು ಆ ಕಾಗದ ಮಾಡಿತು. ಅವರ ಕಿವಿ ಕೆಂಪಾಯಿತು. ತಮ್ಮ ತಂದೆ ಕಟ್ಟಿದ ಪತ್ರಿಕೆಗೆ ನಕಲು ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

"ನೀವು ಇನ್ನೊಂದು ಬರೀರಿ. ಆ ಹೆಂಗಸು ಹೇಳಿದ್ದೇನು, ಇವನು ತಿರುಚಿದ್ದೇನು, ಇವನ ಹೆಸರು ಹಾಕೇ ಬರೀರಿ. ಪೇಪರ್ ವ್ಯಾನ್ ಹೊರಡೋ ಮುಂಚೆ ವೆಬ್‌ಸೈಟಿಗೆ ಹಾಕಿಸ್ತೀನಿ. ನಮ್ಮದೇ ಮೊದಲು. ಒಂದು ಸಲ ಮಾತ್ರ ಕಣ್ರೀ."

ವಾಪಸು ಬರುವ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಕಂಬಿಯ ಪಕ್ಕದ ಸೀಟೇ ಸಿಕ್ಕಿತು. ಸಂತೋಷವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ್ಯಪಿನಲ್ಲಿ ಮೇಲೆ ನನ್ನ ಪತ್ರಿಕೆ, ಕೆಳಗೆ ಬ್ಲಾಗು, ಇದನ್ನೂ ಓದಿ. ನಿವೃತ್ತಿಗೆ ಮೊದಲು ಒಂದು ದಿನವಾದರೂ ಹಾಗೆ ನೋಡಬೇಕೆಂದಿತ್ತು.

ಬಸ್ಸಿಳಿದವನು ನೇರ ನೇಕಾರರ ಬೀದಿಗೆ ಹೋಗಿ ಬ್ಲಾಗಿನವರು ನಮ್ಮದನ್ನು ಓದದೆಯೇ ಎತ್ತಿ ಹಾಕುವುದರಿಂದ ಹಿಡಿದು ಸರೋಜಮ್ಮನಿಗೆ ಎಲ್ಲ ವಿವರಿಸಿದೆ. ಅವರು ನಿಂತ ಮಗ್ಗದ ಪಕ್ಕ ಕೂತು ಕೇಳಿದರು. ಕೇಳಿದ ಮೇಲೆ ಒಂದು ಪ್ರಶ್ನೆ ಕೇಳಿದರು: ನಿಮ್ಮದು ಮೊದಲು ಬಂದರೆ ಅವರದು ಎಲ್ಲಿ ಬರುತ್ತದೆ? ಕೆಳಗೆ ಎಂದೆ; ಬಹಳ ಜನರಿಗೆ ಕಾಣುವುದೂ ಇಲ್ಲ ಎಂದು ಹೆಮ್ಮೆಯಿಂದ ಸೇರಿಸಿದೆ.

"ಅಂಗಾದ್ರೆ ಬ್ಯಾಡಿ ಸಾ."

ಯಾಕೆ ಎಂದೆ.

"ನೀವು ಬರದ್ರೆ ನನ್ ಕಡೇರು ಅಂತಾರೆ. ಮೊದ್ಲೂ ಅಂಗೇ ಅಂದ್ರಲ್ಲ ನಾಗಣ್ಣ. ನನ್ನ ಅಂದಿದ್ದು ಆ ಬಾಯಿ. ಇಲ್ಲ ಅಂತ ಆ ಬಾಯೇ ಏಳ್ಬೇಕು. ಅದು ಮ್ಯಾಲೇ ಇರ್ಲಿ ಬುಡಿ."

ನಾನು ಒಪ್ಪಲಿಲ್ಲ. ಕಷ್ಟಪಟ್ಟವರ ಹೆಸರು ಮುಂದೆ ಬರಬೇಡವೇ, ಬೇರೆಯವರ ಚೀಟಿ ಅಂಟಿಸಿ ಮಾರುವುದನ್ನು ನೀವೇ ಅಲ್ಲವೇ ಹಿಡಿದುಕೊಟ್ಟಿದ್ದು ಎಂದೆ. ಒಳ್ಳೆಯ ಮಾತೇ. ಅವರು ತಲೆಯಾಡಿಸಿದರು.

"ನಿಮ್ಮೆಸ್ರು ನಾಳೆ ಬತ್ತದೆ ಸಾ, ನಾಳಿದ್ದೂ ಬತ್ತದೆ. ನಂಗೆ ನಾಳೆ ನಲ್ಲಿ ತಾವು ಓಗ್ಬೇಕಲ್ಲ."

ಮನೆಗೆ ಬಂದು ಬಹಳ ಹೊತ್ತು ಕೂತೆ. ಅಜ್ಜಿ ಇದ್ದಿದ್ದರೆ ಯಾರ ಕಡೆ ನಿಲ್ಲುತ್ತಿದ್ದರು ಎಂದು ಯೋಚಿಸಿದೆ. ಕಂಡವರು ಯಾರು ಎಂದು ಕೇಳುವವರು ಅವರು, ನನ್ನ ಕಡೆಯೇ ನಿಲ್ಲುತ್ತಿದ್ದರು. ಆದರೆ ಸುದ್ದಿ ತಪ್ಪಾಗಿ ತಂದವನನ್ನೇ ಮನೆಮನೆಗೆ ಕಳಿಸಿ ಸರಿಮಾಡಿ ಬಾ ಎನ್ನುವವರೂ ಅವರೇ. ಕೊನೆಗೆ ಯಜಮಾನರಿಗೆ ಫೋನ್ ಮಾಡಿ, ಬೇಡ ಸಾರ್, ಎಂದಿನಂತೆ ಊಟ ಆದ ಮೇಲೇ ಹಾಕಿಸಿ ಎಂದೆ.

"ಇಷ್ಟು ವರ್ಷ ಬೆಳಿಗ್ಗೆ ಬೆಳಿಗ್ಗೆ ಅಂತ ನನ್ನ ತಲೆ ತಿಂದ್ರಲ್ರೀ," ಎಂದರು. "ಊಟ ಆಯ್ತಾ ನಿಮ್ದು?"

ಅನಂತರ ಬರೆಯಲು ಕೂತೆ. ಬ್ಲಾಗಿನವರು ಏನು ಮುಟ್ಟುತ್ತಾರೆ, ಏನು ಮುಟ್ಟುವುದಿಲ್ಲ ಎಂದು ನನ್ನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಶೀರ್ಷಿಕೆಯನ್ನು ಅವರಿಗೆ ಬದಲಿಸಲು ಮನಸ್ಸೇ ಬಾರದಂತೆ ಇಟ್ಟೆ: 'ಕೊಳ್ಳೇಗಾಲದ ಸೀರೆ: ನೇಕಾರ ಮಹಿಳೆ ಹೇಳಿದ ಬೆಚ್ಚಿಬೀಳಿಸುವ ಸತ್ಯ'. ಜೀವಮಾನದಲ್ಲಿ ನಾನು ಯಾರನ್ನೂ ಬೆಚ್ಚಿಬೀಳಿಸಿರಲಿಲ್ಲ. ಮೊದಲ ಸಾಲಿನಲ್ಲಿ, ಕೊಳ್ಳೇಗಾಲದ ಸೀರೆ ಅಸಲಿ, ಚೀಟಿಯೇ ನಕಲಿ ಎಂದು ಸರೋಜಮ್ಮ ಹೇಳಿದ್ದಾರೆ ಎಂದು ಬರೆದೆ. ತಿರುಚಲು ಹೋದರೂ ತಿರುಗದಂಥ ಸಾಲು. ನಡುವೆ, ಆ ಬ್ಲಾಗಿನ ಹೆಸರು ಹಾಕಿ, ಅವರು ಇದನ್ನು ತಲೆಕೆಳಗು ಮಾಡಿ ಪ್ರಕಟಿಸಿದರು, ಸರೋಜಮ್ಮ ಹಾಗೆ ಹೇಳಿಯೇ ಇರಲಿಲ್ಲ, ಅವರನ್ನು ಕೇಳಲು ಆ ಬ್ಲಾಗಿನಿಂದ ಯಾರೂ ಕೊಳ್ಳೇಗಾಲಕ್ಕೆ ಬಂದಿರಲಿಲ್ಲ ಎಂದು ಬರೆದೆ. ಎಲ್ಲವೂ ನಿಜ. ಕಚೇರಿಯ ಡೆಸ್ಕಿನಿಂದ ಫೋನ್ ಮಾಡಿ, ಶೀರ್ಷಿಕೆ ನೀವೇ ಬರೆದದ್ದಾ, ಆರೋಗ್ಯ ಚೆನ್ನಾಗಿದೆಯಾ ಎಂದು ವಿಚಾರಿಸಿದರು.

ಬೆಳಿಗ್ಗೆ ಪತ್ರಿಕೆ ಬಂತು. ಕಾಫಿ ಆರುವ ಮೊದಲು ಬ್ಲಾಗೂ ಬಂತು. ಶೀರ್ಷಿಕೆ ನನ್ನದೇ, ಕೊನೆಗೆ ಅವರ ಚಿಹ್ನೆಗಳು. ಮೊದಲ ಸಾಲನ್ನು ತಿರುಚಲು ನೋಡಿದ್ದರು, ಅರ್ಥ ತಿರುಗಿರಲಿಲ್ಲ. ನಡುವಿನದೂ ನನ್ನದೇ. ಆ ಬ್ಲಾಗಿನವರು ಸುದ್ದಿ ತಿರುಚಿದ್ದಾರೆ ಎಂದು ಆ ಬ್ಲಾಗಿನವರೇ ಪ್ರಕಟಿಸಿದ್ದರು. ತಮ್ಮ ಹೆಸರಿನ ಒಂದಕ್ಷರವನ್ನೂ ತಪ್ಪಾಗಿ ಬರೆದಿರಲಿಲ್ಲ. ಆ್ಯಪ್ ಅದನ್ನು ಮೂಲವೆಂದು ಮೇಲಿಟ್ಟಿತು. ಮಧ್ಯಾಹ್ನ, ಯಜಮಾನರ ಊಟವಾದ ಮೇಲೆ, ಅದರ ಕೆಳಗೆ ನಾವು ಬಂದೆವು. ಅದು ಈಗಲೂ ಹಾಗೇ ಇದೆ. ಅವರಿನ್ನೂ ಅದನ್ನು ಓದಿಲ್ಲ.

ಆ ವಾರ ಸಾಹುಕಾರರು ಸರೋಜಮ್ಮನಿಗೆ ಹೇಳಿಕಳಿಸಿದರು. ನಾನು ಬೀದಿಗೆ ಹೋದಾಗ ಮಗ್ಗದ ಸದ್ದು ತಿರುವಿನವರೆಗೆ ಕೇಳುತ್ತಿತ್ತು. ಸರೋಜಮ್ಮ ಮಗ್ಗದಿಂದ ಎದ್ದು ಬರಲಿಲ್ಲ, ಒಳಗಿನಿಂದಲೇ ಕೂರಿ ಸಾ ಎಂದರು. ನಲ್ಲಿಯ ಬಳಿ ಬಿಂದಿಗೆಗಳು ಒತ್ತೊತ್ತಾಗಿದ್ದವು. ಯಾವುದು ಯಾರದೆಂದು ನನಗೆ ತಿಳಿಯಲಿಲ್ಲ. ನಾಗಣ್ಣ ತನ್ನ ಜಗುಲಿಯಿಂದ ಕರೆದು ಫೋನ್ ತೋರಿಸಿದ.

"ನೋಡಿ ಸಾ, ಸರೋಜಕ್ಕನ ಬಗ್ಗೆ ಎಷ್ಟ್ ಚೆನ್ನಾಗ್ ಬರ್ದವ್ರೆ. ತಮ್ದೇ ತಪ್ಪು ಅಂತ ಒಪ್ಕಂಡವ್ರೆ. ನಿಮ್ ಪೇಪರ್ನೋರೂ ವಸಿ ಇಂಗ್ ಬರೆಯದ ಕಲೀಬೇಕು."

ಕಲಿಯುತ್ತೇವೆ ಎಂದೆ.

ಅಲ್ಲಿಂದ ಗುರುಸಿದ್ದಣ್ಣನ ಮನೆಗೆ ಹೋದೆ. ಅವರಿಗೆ ಈಗ ಓದಲು ಕಣ್ಣು ಸಾಲದು, ಯಾರಾದರೂ ಹೇಳಬೇಕು. ಎಲ್ಲ ಹೇಳಿದೆ. ಮೊದಲ ಬಸ್ಸು ಕೈಗೆ ಬಂದಿತ್ತು ಅಣ್ಣ, ನಾನೇ ಬಿಟ್ಟುಕೊಟ್ಟೆ, ಕವರನ್ನು ಎರಡನೇ ಬಸ್ಸಿಗೆ ಹಾಕಿದೆ ಎಂದೆ. ಸರಿ ಎನ್ನುತ್ತಾರೋ ತಪ್ಪು ಎನ್ನುತ್ತಾರೋ ಎಂದು ಕಾದೆ. ಅವರು ಕುರ್ಚಿಯಿಂದ ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು, ಬಾಗಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಯತ್ತ ನೋಡಿದರು. ನೇಕಾರರ ಬೀದಿಯಲ್ಲಿ ನಡೆದವರಿಗೆಲ್ಲ ಅಂಟಿಕೊಳ್ಳುವಂತೆ ಅದರ ಅಂಚಿಗೂ ರೇಷ್ಮೆಯ ಒಂದು ತುಂಡು ಎಳೆ ಅಂಟಿಕೊಂಡಿತ್ತು, ಕೆಂಪು.

"ಓಗ್ಬಂದಿದ್ದೀಯ ಬುಡು," ಎಂದು ಒಳಗೆ ಟೀಗೆ ಹೇಳಿದರು.